ಕ್ಯುಬಿಟ್ ಎಷ್ಟಿದಾವೆ ಅಂತ ಕೇಳಿದ್ದು ಸಾಕು, ಗೇಟ್ ಎಷ್ಟು ಉಳಿಸಿದ್ರಿ ಅಂತ ಕೇಳೋಣ

2023ರ ಏಪ್ರಿಲ್‌ನಲ್ಲಿ ಕೇಂದ್ರ ಸಂಪುಟ 6,003.65 ಕೋಟಿ ರೂಪಾಯಿಯ ರಾಷ್ಟ್ರೀಯ ಕ್ವಾಂಟಮ್ ಮಿಷನ್‌ಗೆ ಒಪ್ಪಿಗೆ ಕೊಟ್ಟಿತು. ಎಂಟು ವರ್ಷದಲ್ಲಿ 50ರಿಂದ 1,000 ಕ್ಯುಬಿಟ್‌ಗಳ ಕಂಪ್ಯೂಟರ್ ಕಟ್ಟೋದು ಅದರ ಒಂದು ಗುರಿ. ಇದರ ಕಂಪ್ಯೂಟಿಂಗ್ ಹಬ್ ಇರೋದು ಬೆಂಗಳೂರಿನ ಐಐಎಸ್‌ಸಿಯಲ್ಲಿ. 2025ರ ಏಪ್ರಿಲ್‌ನಲ್ಲಿ ಬೆಂಗಳೂರಿನದೇ ಕ್ಯೂಪೈಎಐ ಕಂಪನಿ 25 ಕ್ಯುಬಿಟ್‌ಗಳ 'ಇಂಡಸ್' ಯಂತ್ರವನ್ನು ಹೊರತಂದಿತು. ಸುದ್ದಿಯಾಗಿದ್ದು ಆ ಸಂಖ್ಯೆ. ಇಂಜಿನಿಯರಿಂಗ್ ಓದಿ ಪತ್ರಿಕೋದ್ಯಮಕ್ಕೆ ಬಂದ ನನಗೆ ಅಷ್ಟು ಸಾಲದು ಅನ್ಸುತ್ತೆ.

ನಾಯ್ಸ್ ಅಂದ್ರೆ ಏನು?
ಶಾಖ, ವಿದ್ಯುತ್‌ಕಾಂತೀಯ ಅಲೆ, ಪಕ್ಕದ ಕ್ಯುಬಿಟ್, ಯಾವುದು ತಾಗಿದರೂ ಕ್ಯುಬಿಟ್‌ನ ಸ್ಥಿತಿ ಕೆಡುತ್ತದೆ. ಇಂಥ ಯಂತ್ರಗಳ ಕಾಲಕ್ಕೆ ಭೌತವಿಜ್ಞಾನಿ ಜಾನ್ ಪ್ರೆಸ್ಕಿಲ್ 2018ರಲ್ಲಿ 'ನಿಸ್ಕ್' ಅಂತ ಹೆಸರಿಟ್ಟರು. ಎರಡು ಕ್ಯುಬಿಟ್‌ಗಳ ಗೇಟ್ ನೂರಕ್ಕೆ 99 ಸಲ ಸರಿ ಅಂದುಕೊಳ್ಳಿ. ಅಂಥ 100 ಗೇಟ್ ಸಾಲಾಗಿ ಬಂದರೆ ಒಂದೂ ತಪ್ಪದೆ ಮುಗಿಯುವ ಸಾಧ್ಯತೆ ಸುಮಾರು ಶೇ 37. 60ಕ್ಕೆ ಇಳಿಸಿದರೆ ಶೇ 55. ಯಂತ್ರ ಅದೇ, ಖರ್ಚೂ ಅದೇ.

ಇಳಿಸೋದು ಹೇಗೆ?
ಇಳಕಲ್ ನೇಕಾರರಿಗೆ ಇದು ಹೊಸದಲ್ಲ: ವಿನ್ಯಾಸ ಒಂದೇ ಇದ್ದರೂ ಹಾಸು-ಹೊಕ್ಕನ್ನು ಮಗ್ಗಕ್ಕೆ ತಕ್ಕಂತೆ ಹೊಂದಿಸಬೇಕು. ಇಲ್ಲಿ ಆ ಕೆಲಸ ಕಂಪೈಲರ್‌ನದು.

ಮೊದಲನೆಯದು, ರದ್ದು. ಒಂದೇ ಜೋಡಿಯ ಮೇಲೆ ಒಂದೇ ದಿಕ್ಕಿನಲ್ಲಿ ಬೆನ್ನುಬೆನ್ನಿಗೆ ಬರುವ ಎರಡು ಸಿ-ನಾಟ್ ಗೇಟ್ ಅಂದ್ರೆ ಏನೂ ಮಾಡದಿದ್ದ ಹಾಗೆ, ಎರಡನ್ನೂ ತೆಗೆಯಬಹುದು.

ಎರಡನೆಯದು, ಜಾಗ. ಸೂಪರ್‌ಕಂಡಕ್ಟಿಂಗ್ ಯಂತ್ರಗಳಲ್ಲಿ ಸಾಮಾನ್ಯವಾಗಿ ಅಕ್ಕಪಕ್ಕದ ಕ್ಯುಬಿಟ್‌ಗಳಷ್ಟೇ ನೇರ ವ್ಯವಹರಿಸುತ್ತವೆ. ದೂರದವನ್ನು ಹತ್ತಿರ ತರಲು 'ಸ್ವಾಪ್' ಬೇಕು, ಒಂದು ಸ್ವಾಪ್‌ಗೆ ಮೂರು ಸಿ-ನಾಟ್. ಯಾವ ಕ್ಯುಬಿಟ್ ಎಲ್ಲಿ ಕೂರಬೇಕು ಅನ್ನೋದನ್ನ ಮೊದಲೇ ಸರಿಯಾಗಿ ಆರಿಸಿದರೆ ಎಷ್ಟೋ ಸ್ವಾಪ್ ಉಳಿಯುತ್ತವೆ.

ಮೂರನೆಯದು, ಹೊತ್ತು. ಸುಮ್ಮನೆ ಕಾಯುವ ಕ್ಯುಬಿಟ್ ಕೂಡ ಕೆಡುತ್ತೆ, ಹಾಗಾಗಿ ಕಾಯುವ ಸಮಯವನ್ನೂ ಕಡಿಮೆ ಮಾಡಬೇಕು.

ಇದು ದೋಷ ತಿದ್ದುವ ವಿದ್ಯೆಯಲ್ಲ, ದೋಷಕ್ಕೆ ಅವಕಾಶ ಕಡಿಮೆ ಮಾಡೋದಷ್ಟೇ. ಯಂತ್ರದ ಗುಣವೂ ದಿನದಿಂದ ದಿನಕ್ಕೆ ಬದಲಾಗುವುದರಿಂದ ನಿನ್ನೆಯ ಉತ್ತಮ ಜೋಡಣೆ ಇವತ್ತಿಗೂ ಉತ್ತಮ ಅನ್ನೋ ಖಾತರಿ ಇಲ್ಲ.

ನಮಗೇನು?
ಸೂಪರ್‌ಕಂಡಕ್ಟಿಂಗ್ ಚಿಪ್ ನಡೆಸೋಕೆ ಶೂನ್ಯಕ್ಕಿಂತ 270 ಡಿಗ್ರಿಗೂ ಕೆಳಗಿನ ಶೀತಲ ಪೆಟ್ಟಿಗೆ ಬೇಕು, ಬಾಗಲಕೋಟೆಯಲ್ಲಿ ಅದು ಸದ್ಯಕ್ಕೆ ಕನಸು. ಸರ್ಕ್ಯೂಟ್ ಚಿಕ್ಕದು ಮಾಡೋಕೆ ಬೇಕಾದ್ದು ಲೀನಿಯರ್ ಆಲ್ಜೀಬ್ರಾ, ಲ್ಯಾಪ್‌ಟಾಪ್, ಉಚಿತವಾಗಿ ಸಿಗುವ ಕ್ವಿಸ್ಕಿಟ್‌ನಂಥ ತಂತ್ರಾಂಶ. ಬಾದಾಮಿಯ, ಹುನಗುಂದದ ಹುಡುಗಿಗೂ ಇದು ಎಟಕುವ ಕೆಲಸ. ಹಾಗಾಗಿ ಸಾರ್ವಜನಿಕ ಹಣದಲ್ಲಿ ಕಟ್ಟುವ ಪ್ರತಿ ಯಂತ್ರದ ದೋಷ ಪ್ರಮಾಣ ಬಹಿರಂಗವಾಗಿರಲಿ, ಅದರಲ್ಲಿ ಜಿಲ್ಲಾ ಕಾಲೇಜುಗಳಿಗೂ ಸಮಯ ಮೀಸಲಿರಲಿ. ಈ ಎರಡನ್ನು ನಿಮ್ಮ ಸಂಸದರ ಹತ್ತಿರ ಕೇಳಿ.