ಗಾಳಿಕೋವಿಯೊಳಗಿನ ಚರ್ಮದ ಬಿಲ್ಲೆ

ಕದ್ರಿಯ ಮಂಜುನಾಥ ದೇವರ ಜಾತ್ರೆಗಾಗಲಿ, ರಥಸಪ್ತಮಿಯಂದು ವೆಂಕಟರಮಣ ದೇವರ ರಥಬೀದಿಯಲ್ಲಿ ನಡೆಯುವ ಕೊಡಿಯಾಲ ತೇರಿಗಾಗಲಿ ಹಿರಿಯರ ಕೈಹಿಡಿದುಕೊಂಡು ಹೋದ ಮಂಗಳೂರಿನ ಹುಡುಗನಿಗೆ, ದೇವರ ದರ್ಶನವನ್ನು ಮುಗಿಸಿ ಹೊರಬರುತ್ತಲೇ ಕಾಲು ತಾನಾಗಿ ಎಳೆದೊಯ್ಯುತ್ತಿದ್ದ ಅಂಗಡಿಯೊಂದು ಇದ್ದೇ ಇರುತ್ತಿದ್ದಿತು. ಅಗಲವಾದ ಹಲಗೆಗೆ ಕೆಂಪು, ಹಳದಿ, ನೀಲಿ ಪುಗ್ಗೆಗಳನ್ನು ಸಾಲುಸಾಲಾಗಿ ಕಟ್ಟಿ, ಮುಂದೆ ಬೆಂಚೊಂದನ್ನು ಅಡ್ಡವಿಟ್ಟು, ಅದರ ಮೇಲೆ ಎರಡೋ ಮೂರೋ ಏರ್‌ಗನ್ನುಗಳನ್ನು ಮಲಗಿಸಿಕೊಂಡು ಕುಳಿತ ಅಂಗಡಿಯವನು, ಕಾಸನ್ನು ಕೈಗೆ ಹಾಕಿಸಿಕೊಂಡೊಡನೆ ನಳಿಗೆಯನ್ನು ತೊಡೆಯ ಮೇಲೆ ಒತ್ತಿ ಮುರಿದು, ಬಾಯಲ್ಲಿಟ್ಟುಕೊಂಡಿದ್ದ ಸೀಸದ ಚರೆಯೊಂದನ್ನು ಅದರ ಬುಡದಲ್ಲಿ ಹೆಬ್ಬೆರಳಿನಿಂದ ತಳ್ಳಿ, ಟಪ್ಪೆಂದು ನಳಿಗೆಯನ್ನು ನೆಟ್ಟಗೆ ಮಾಡಿ ನಮ್ಮ ಕೈಗೆ ಕೊಡುವಾಗ, ಕೋವಿಯೆಂಬ ವಸ್ತುವಿನ ಭಾರವನ್ನು ನಾವು ಜೀವಮಾನದಲ್ಲಿ ಮೊದಲ ಸಲ ಅರಿಯುತ್ತಿದ್ದೆವು. ಪುಗ್ಗೆ ಒಡೆಯಿತೋ ಇಲ್ಲವೋ ಎಂಬುದು ಅನಂತರದ ಮಾತು. ಭುಜಕ್ಕೆ ತಾಗಿದ ಮರದ ತಣ್ಪು, ಕೆನ್ನೆಗೆ ತಾಗಿದ ಎಣ್ಣೆಯ ವಾಸನೆ, ಕಣ್ಣೊಂದನ್ನು ಮುಚ್ಚಿದಾಗ ಜಾತ್ರೆಯ ಗದ್ದಲವೆಲ್ಲ ಆ ಕಿರಿದಾದ ಮೊಳೆಯ ತುದಿಗೆ ಬಂದು ನಿಂತಂತಾಗುತ್ತಿದ್ದ ಆ ಒಂದು ಕ್ಷಣ, ಇವುಗಳಿಗಾಗಿ ನಾವು ಐಸ್‌ಕ್ಯಾಂಡಿಯನ್ನು ತ್ಯಜಿಸಿ ಕಾಸನ್ನು ಉಳಿಸಿಕೊಳ್ಳುತ್ತಿದ್ದೆವು.

ಊರಿನವರ ಬಾಯಲ್ಲಿ ಇದು ಏರ್‌ಗನ್ನೇ ಹೊರತು ಬೇರೆಯಲ್ಲ. ತುಳುವಿನ ಬೆಡಿಯೆಂಬ ಶಬ್ದವು ಮದ್ದು ತುಂಬಿದ ಕೋವಿಗೂ ಜಾತ್ರೆಯ ಸಿಡಿಮದ್ದಿಗೂ ಸಲ್ಲತಕ್ಕದ್ದು. ಬೆಂಕಿಯ ಸಂಬಂಧವೇ ಇಲ್ಲದ ಈ ಬಡ ಆಯುಧಕ್ಕೆ ಆ ಗೌರವವನ್ನು ಯಾರೂ ಕೊಡಲಿಲ್ಲ. ಆದರೆ ಕೋವಿಯೆಂಬ ನಮ್ಮ ಕನ್ನಡದ ಮಾತಿಗೆ ಕೊಳವೆಯೆಂಬ ಅರ್ಥವೂ ಇರುವುದರಿಂದ, ಕೊಳವೆಯಲ್ಲಿ ಗಾಳಿಯನ್ನು ಒತ್ತಿ ಕೆಲಸ ಮಾಡುವ ಇದಕ್ಕೆ ಗಾಳಿಕೋವಿಯೆಂದು ಹೆಸರಿಟ್ಟರೆ ತಪ್ಪಾಗಲಾರದೆಂದು ನಾನು ಎಣಿಸುತ್ತೇನೆ. ನಿಜವಾದ ಕೋವಿಯು ನಮ್ಮ ಜಿಲ್ಲೆಯಲ್ಲಿ ಅಡಿಕೆತೋಟದ ಧಣಿಗಳ ಸೊತ್ತು. 1878ರ ಶಸ್ತ್ರ ಕಾಯಿದೆಯ ಕಾಲದಿಂದಲೂ ಅದಕ್ಕೆ ಸರಕಾರದ ಲೈಸನ್ಸು ಬೇಕಾಗಿದ್ದಿತು; ನೆರೆಯ ಕೊಡಗಿನವರಿಗೆ ದೊರೆತಿದ್ದ ವಿನಾಯಿತಿಯು ಮದರಾಸು ಪ್ರಾಂತಕ್ಕೆ ಸೇರಿದ್ದ ದಕ್ಷಿಣ ಕನ್ನಡದ ನಮಗೆ ಇರಲಿಲ್ಲ. ಇಂದಿಗೂ ಚುನಾವಣೆ ಬಂದಿತೆಂದರೆ ತೋಟದ ಕೋವಿಗಳನ್ನು ಠಾಣೆಗೆ ಒಪ್ಪಿಸಿ ಬರುವ ಕ್ರಮವನ್ನು ಬಲ್ಲವರು ಬಲ್ಲರು. ಹೀಗಿರಲು, ಪೇಟೆಯ ಗುಮಾಸ್ತನ ಮಗನೊಬ್ಬನು ಭುಜಕ್ಕೇರಿಸಬಹುದಾಗಿದ್ದ ಏಕೈಕ ಕೋವಿಯೆಂದರೆ ಗಾಳಿಯದು.

ಅಗ್ಗದ ಗಾಳಿಕೋವಿಯ ಜನ್ಮವೃತ್ತಾಂತವು ಕುತೂಹಲಕರವಾದುದು. ಗಾಳಿಯಿಂದ ಗುಂಡು ಹಾರಿಸುವ ವಿದ್ಯೆಯು ಬಹಳ ಹಳೆಯದೇ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಆಸ್ಟ್ರಿಯದ ಸೈನ್ಯವು ಜಿರಾಂಡೋನಿಯೆಂಬವನು ನಿರ್ಮಿಸಿದ ಗಾಳಿಬಂದೂಕವನ್ನು ಯುದ್ಧಕ್ಕೇ ಒಯ್ದಿದ್ದಿತು. ಆದರೆ ಅದು ಬೆಲೆಬಾಳುವ ಶಿಲ್ಪಕಾರ್ಯ. ಬಡವರ ಮಕ್ಕಳ ಕೈಗೆ ಈ ವಸ್ತುವು ಬಂದುದು ಮತ್ತೊಂದು ದಾರಿಯಿಂದ. ಅಮೆರಿಕದ ಮಿಶಿಗನ್ ಪ್ರಾಂತದ ಪ್ಲಿಮತ್ ಎಂಬ ಊರಿನಲ್ಲಿ ಗಾಳಿಯಂತ್ರಗಳನ್ನು ಮಾಡುತ್ತಿದ್ದ ಕಂಪೆನಿಯೊಂದು, 1880ರ ದಶಕದ ಕೊನೆಯಲ್ಲಿ, ತನ್ನ ಯಂತ್ರವನ್ನು ಕೊಳ್ಳುವ ರೈತರಿಗೆ ಕಾಣಿಕೆಯಾಗಿ ಡೈಸಿಯೆಂಬ ಲೋಹದ ಪುಟ್ಟ ಕೋವಿಯನ್ನು ಕೊಡಲಾರಂಭಿಸಿ, ಕೊನೆಗೆ ಗಾಳಿಯಂತ್ರವನ್ನೇ ಕೈಬಿಟ್ಟು ಕೋವಿಯ ಕಂಪೆನಿಯಾಯಿತು. ಅದೇ ಕಾಲದಲ್ಲಿ, 1890ರಲ್ಲಿ, ಜರ್ಮನಿಯ ಬಾಡೆನ್ ಸೀಮೆಯ ರಾಸ್ಟಾಟ್ ಎಂಬ ಊರಿನಲ್ಲಿ ಮಾಯರ್ ಮತ್ತು ಗ್ರಾಮೆಲ್‌ಸ್ಪಾಕರ್ ಎಂಬಿಬ್ಬರು ಕಾರ್ಖಾನೆಯೊಂದನ್ನು ತೆರೆದರು. ರೋಮನರ ಬೇಟೆಯ ದೇವತೆಯಾದ ಡಯಾನಾಳು ತನ್ನ ಬಿಲ್ಲುಬಾಣಗಳನ್ನು ಕೆಳಕ್ಕೆಸೆದು ಗಾಳಿಕೋವಿಯೊಂದನ್ನು ಮೇಲಕ್ಕೆತ್ತಿ ಹಿಡಿದಿರುವ ಚಿತ್ರವೇ ಅವರ ಸರಕಿನ ಮುದ್ರೆ. ಅವರು ದೊಡ್ಡವರಿಗೆ ಒಳ್ಳೆಯ ಕೋವಿಗಳನ್ನು ಮಾಡಿದಂತೆಯೇ, ತಗಡನ್ನು ಮಡಚಿ ಕೊಳವೆ ಮಾಡಿ, ಅದರೊಳಗೆ ತೆಳುವಾದ ನಳಿಗೆಯನ್ನು ಕೂರಿಸಿದ ಅಗ್ಗದ ಕೋವಿಗಳನ್ನೂ ಮಾಡಿದರು.

ಎರಡನೆಯ ಮಹಾಯುದ್ಧದಲ್ಲಿ ಜರ್ಮನಿಯು ಸೋತ ಮೇಲೆ ಆ ಕಾರ್ಖಾನೆಯ ಯಂತ್ರಗಳು ಯುದ್ಧಪರಿಹಾರವಾಗಿ ಬ್ರಿಟನ್ನಿಗೆ ಹೋದುವು. ಸ್ಕಾಟ್ಲೆಂಡಿನ ಮದರ್‌ವೆಲ್ಲಿನಲ್ಲಿ ಮಿಲ್ಬ್ರೋ ಎಂಬ ಸಂಸ್ಥೆಯು ಅದೇ ಅಚ್ಚುಗಳಿಂದ, ಅದೇ ದೇವತೆಯ ಹೆಸರಿನಲ್ಲಿ ಕೋವಿಗಳನ್ನು ಮಾಡತೊಡಗಿತು. ಈ ಸಂಗತಿಯನ್ನು ಓದಿದಾಗ ಮಂಗಳೂರಿಗನಾದ ನನಗೆ ನಮ್ಮ ಜೆಪ್ಪುವಿನ ಹಂಚಿನ ಕಾರ್ಖಾನೆಯು ನೆನಪಾಗದೆ ಇರಲಿಲ್ಲ. 1834ರಲ್ಲಿ ಇಲ್ಲಿಗೆ ಬಂದಿಳಿದ ಬಾಸೆಲ್ ಮಿಶನ್ನಿನವರಲ್ಲಿ ಹಲವರು ದಕ್ಷಿಣ ಜರ್ಮನಿಯವರೇ. ಅದೇ ಮಿಶನ್ನಿಗೆ ಸೇರಿದ ಪ್ಲೆಬ್ಸ್ಟನು 1865ರಲ್ಲಿ ಸ್ಥಾಪಿಸಿದ ಹಂಚಿನ ಉದ್ಯಮವನ್ನು ಮೊದಲನೆಯ ಮಹಾಯುದ್ಧದ ಪರಿಣಾಮವಾಗಿ ಅವರ ಕೈಯಿಂದ ಕಿತ್ತು ಕಾಮನ್‌ವೆಲ್ತ್ ಟ್ರಸ್ಟಿಗೆ ವಹಿಸಲಾಯಿತು. ಅಚ್ಚು ಉಳಿಯಿತು, ಒಡೆಯರು ಬದಲಾದರು. ಕೋವಿಗೂ ಹಂಚಿಗೂ ಒದಗಿದ ಈ ಸಮಾನಗತಿಯು ವಸ್ತುಗಳ ಮೂಲವನ್ನು ಹುಡುಕುತ್ತ ಹೊರಡುವವನನ್ನು ಸ್ವಲ್ಪ ತಡೆದು ನಿಲ್ಲಿಸತಕ್ಕ ಸಂಗತಿ.

ನಮ್ಮ ಮನೆಯ ಗಾಳಿಕೋವಿಯ ಮೇಲೂ ಆ ದೇವತೆಯ ಮುದ್ರೆ ಅರೆಮರೆಯಾಗಿ ಉಳಿದಿದೆ. ಸೋದರಮಾವನು ಬಂದರಿನಲ್ಲಿ ಯಾರಿಂದಲೋ ಹಳೆಯದಾಗಿಯೇ ಕೊಂಡುತಂದ ಅದು, ಹೆಂಚಿನ ಮಾಡಿನ ಮನೆಯ ಅಟ್ಟದಲ್ಲಿ, ಉಪ್ಪಿನಕಾಯಿ ಭರಣಿಗಳಿಗೂ ಒಡೆದ ದೋಣಿಹಂಚುಗಳಿಗೂ ನಡುವೆ ಎಷ್ಟು ಮಳೆಗಾಲಗಳನ್ನು ಕಳೆಯಿತೆಂಬುದನ್ನು ನಾನು ಎಣಿಸಲಿಲ್ಲ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ, ಸುರಿಯದ ದಿನಗಳಲ್ಲಿ ಉಪ್ಪುಗಾಳಿ ಬೀಸುವ ಈ ಊರಿನಲ್ಲಿ ಕಬ್ಬಿಣಕ್ಕೆ ಆಯುಸ್ಸು ಕಡಮೆ. ಅದನ್ನು ಕೆಳಗಿಳಿಸಿದಾಗ ನಳಿಗೆಯು ತುಕ್ಕಿನಿಂದ ಜೇಡಿಮಣ್ಣಿನ ಬಣ್ಣಕ್ಕೆ ತಿರುಗಿದ್ದಿತು. ಮರದ ಹಿಡಿಯ ಹಿಂಭಾಗವು ಮೂಲದ್ದಾಗಿರದೆ, ಎಂದೋ ಮುರಿದುದಕ್ಕೆ ಹಲಸಿನ ತುಂಡೊಂದನ್ನು ಬೆಸೆದದ್ದಾಗಿದ್ದಿತು.

ಈ ಕೋವಿಯ ಕುರಿತು ನನ್ನಲ್ಲಿರುವ ಪ್ರೀತಿಯನ್ನು ಹೇಳುವುದಕ್ಕೆ ಮೊದಲು, ಅದರಿಂದ ನಾನು ಮಾಡಿದ ಒಂದು ಕಾರ್ಯವನ್ನು ಹೇಳಿಬಿಡಬೇಕು. ನನಗೆ ಹನ್ನೊಂದು ವರ್ಷ. ಹಿತ್ತಿಲಿನ ನುಗ್ಗೆಯ ಮರದ ಮೇಲೆ ಬೆಳಗಿನ ಹೊತ್ತು ಹಾಡುತ್ತಿದ್ದ ಮಡಿವಾಳ ಹಕ್ಕಿಗೆ ಗುರಿಯಿಟ್ಟು ಹೊಡೆದೆ. ಚರೆಯು ತಾಗಿತಾದರೂ ಹಕ್ಕಿಯು ಒಡನೆಯೇ ಸಾಯಲಿಲ್ಲ. ಬಾವಿಕಟ್ಟೆಯ ಮರೆಯಲ್ಲಿ ಸಂಜೆಯವರೆಗೆ ರೆಕ್ಕೆಯನ್ನು ಎಳೆದುಕೊಂಡು ಕುಳಿತಿದ್ದಿತು. ಅಜ್ಜಿಯು ಅದರ ಬಾಯಿಗೆ ನೀರು ಬಿಟ್ಟಳು, ನನ್ನನ್ನು ಬೈಯಲಿಲ್ಲ, ಬೈದಿದ್ದರೆ ಲೇಸಾಗುತ್ತಿತ್ತು. ಬಾಲಕನಾಗಿದ್ದ ಸಲೀಂ ಅಲಿಯವರು ಮುಂಬಯಿಯಲ್ಲಿ ಗಾಳಿಕೋವಿಯಿಂದ ಗುಬ್ಬಚ್ಚಿಯೊಂದನ್ನು ಕೆಡಹಿ, ಅದರ ಗಂಟಲಿನ ಹಳದಿಯ ಗುರುತನ್ನು ಕಂಡು ಬೆರಗಾಗಿ, ಅದರ ಹೆಸರನ್ನು ಕೇಳಲು ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಬಾಗಿಲಿಗೆ ಹೋದುದೂ, ಅಲ್ಲಿ ಮಿಲಾರ್ಡ್ ಎಂಬ ಸಜ್ಜನನು ಅವರಿಗೆ ಪಕ್ಷಿಶಾಸ್ತ್ರದ ದ್ವಾರವನ್ನು ತೆರೆದುದೂ ಪ್ರಸಿದ್ಧವಾಗಿದೆ. 1985ರಲ್ಲಿ ಅಚ್ಚಾದ ಅವರ ಆತ್ಮಕಥೆಯ ಹೆಸರಿನಲ್ಲಿಯೇ ಆ ಗುಬ್ಬಚ್ಚಿಯು ಬೀಳುತ್ತದೆ. ಅವರ ಗುಬ್ಬಚ್ಚಿಯಿಂದ ಲೋಕಕ್ಕೊಂದು ವಿದ್ಯೆಯಾದರೂ ಲಭಿಸಿತು. ನನ್ನ ಮಡಿವಾಳದಿಂದ ಯಾರಿಗೆ ಏನು ಲಭಿಸಿತು?

ಈಚೆಗೆ ಆ ಕೋವಿಯನ್ನು ಸರಿಪಡಿಸಬೇಕೆಂಬ ಬಯಕೆ ಹುಟ್ಟಿ, ಹೊಲಿಗೆಯಂತ್ರ, ಸ್ಟವ್ವು ಮೊದಲಾದುವನ್ನು ರಿಪೇರಿ ಮಾಡುವ ವೃದ್ಧರೊಬ್ಬರಲ್ಲಿಗೆ ಒಯ್ದೆನು. ಇಂಥ ಕೋವಿಯ ಅಂತರಂಗವು ಸರಳ. ನಳಿಗೆಯನ್ನು ಮುರಿದಾಗ ಪಿಸ್ಟನ್ನೆಂಬ ಒಳಗಿನ ಕೊಂತವು ಹಿಂದಕ್ಕೆ ಸರಿದು, ಬಲವಾದ ಸ್ಪ್ರಿಂಗೊಂದು ಅದುಮಲ್ಪಟ್ಟು ಕೊಕ್ಕೆಗೆ ಸಿಕ್ಕಿಕೊಳ್ಳುತ್ತದೆ. ಕುದುರೆಯನ್ನು ಎಳೆದೊಡನೆ ಸ್ಪ್ರಿಂಗು ಬಿಡಿಸಿಕೊಂಡು ಕೊಂತವನ್ನು ಮುಂದಕ್ಕೆ ದೂಡಿ, ಕೊಳವೆಯಲ್ಲಿದ್ದ ಗಾಳಿಯೆಲ್ಲ ಸಣ್ಣದೊಂದು ರಂಧ್ರದ ಮೂಲಕ ನುಗ್ಗಿ ಚರೆಯನ್ನು ಹೊಡೆದೋಡಿಸುತ್ತದೆ. ಸರ್ವಶಕ್ತಿಯೂ ನಿಂತಿರುವುದು ಕೊಂತದ ತಲೆಗೆ ಬಿಗಿದ ಬಟ್ಟಲಿನಾಕಾರದ ಚರ್ಮದ ವಾಶರಿನ ಮೇಲೆ. ಅದು ಒಣಗಿತೋ, ಗಾಳಿಯು ಪಕ್ಕದಿಂದ ಸೋರಿಹೋಗುವುದು. ಎಣ್ಣೆ ಹೆಚ್ಚಾಯಿತೋ, ಒತ್ತಡದ ಕಾವಿಗೆ ಎಣ್ಣೆಯೇ ಹೊತ್ತಿಕೊಂಡು ನಳಿಗೆಯಿಂದ ಹೊಗೆ ಬರುವುದು. ನಮ್ಮಲ್ಲಿಯ ಮನೆಗಳಲ್ಲಿ ಸರ್ವರೋಗಕ್ಕೂ ತೆಂಗಿನೆಣ್ಣೆಯೇ ಮದ್ದಾದುದರಿಂದ, ಅದು ಒಳಗೆ ಜಿಗುಟುಗಟ್ಟಿ ಕೆಡಿಸಿದ ಗಾಳಿಕೋವಿಗಳು ಸ್ವಲ್ಪವಲ್ಲ.

ಮುದುಕರು ಕೊಂತವನ್ನು ಹೊರಗೆಳೆದು, ವಾಶರನ್ನು ಬಿಚ್ಚಿ, ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. “ಮಾಷ್ಟ್ರೇ, ಇದು ಜರ್ಮನಿಯದ್ದಲ್ಲ. ಚಪ್ಪಲಿಯದ್ದು” ಎಂದರು. ನಾನು ಬಾಗಿ ನೋಡಿದೆ. ಯಾವನೋ ಚಮ್ಮಾರನು ಹಳೆಯ ಚಪ್ಪಲಿಯ ಅಟ್ಟೆಯಿಂದ ಅದನ್ನು ಕತ್ತರಿಸಿ, ನೆನೆಸಿ, ಬಟ್ಟಲಿನಂತೆ ಬಗ್ಗಿಸಿದ್ದನು. ಅಂಚಿನಲ್ಲಿ ಹೊಲಿಗೆಯ ತೂತುಗಳ ಸಾಲೊಂದು ಮೇಣ ತುಂಬಿಸಿಕೊಂಡು ಇನ್ನೂ ಕಾಣುತ್ತಿದ್ದಿತು. ಆ ಮೇಣವು ಅಲ್ಲಲ್ಲಿ ಉದುರಿಹೋಗಿ, ಗಾಳಿಯು ಆ ತೂತುಗಳಲ್ಲಿ ನುಸುಳಿ, ಕೋವಿಯು ಯಾವಾಗಲೂ ದುರ್ಬಲವಾಗಿಯೇ ಇದ್ದಿತೆಂಬುದು ಆ ದಿನ ನನಗೆ ಹೊಳೆಯಿತು. ಹಕ್ಕಿಯು ಒಡನೆಯೇ ಸಾಯದೆ ಸಂಜೆಯವರೆಗೆ ನರಳಿದುದಕ್ಕೆ ಆ ಹೊಲಿಗೆಯ ತೂತುಗಳೂ ಕಾರಣವೆಂಬ ಯೋಚನೆಯೂ ಅದರ ಬೆನ್ನಿಗೇ ಬಂದಿತು.

ಹಳೆಯ ವಸ್ತುಗಳನ್ನು ಕೂಡಿಡುವವರಲ್ಲಿ ಮೂಲಸ್ಥಿತಿಗೆ ತರುವುದೆಂಬ ಮಾತೊಂದು ಬಳಕೆಯಲ್ಲಿದೆ. ತುಕ್ಕನ್ನೆಲ್ಲ ಉಜ್ಜಿ ತೆಗೆದು, ಉಕ್ಕಿಗೆ ಪುನಃ ನೀಲಿಗಪ್ಪಿನ ಹೊಳಪನ್ನಿತ್ತು, ಹಿಡಿಯನ್ನು ಹೊಸದಾಗಿ ಮಾಡಿಸಿ, ಪರದೇಶದಿಂದ ಬಿಡಿಭಾಗಗಳನ್ನು ತರಿಸಿ ಕೂಡಿಸಿದರೆ, ಕೋವಿಯು ಕಾರ್ಖಾನೆಯಿಂದ ಹೊರಬಿದ್ದ ದಿನದಂತೆ ಆಗುವುದಂತೆ. ಬೆಲೆಯುಳ್ಳ ಕೋವಿಯ ವಿಷಯದಲ್ಲಿ ಈ ಕ್ರಮಕ್ಕೆ ಅರ್ಥವಿರಬಹುದು. ಅಗ್ಗದ ಕೋವಿಯ ವಿಷಯದಲ್ಲಿ ಇದು ಅನ್ಯಾಯವೆಂದೇ ನನ್ನ ದೃಢವಾದ ಅಭಿಪ್ರಾಯ. ಈ ಜಾತಿಯ ಕೋವಿಯು ಹುಟ್ಟಿದ ದಿನ ಅದರಲ್ಲಿ ಅಚ್ಚಿನ ಗುರುತಲ್ಲದೆ ಮನುಷ್ಯನ ಗುರುತು ಇರಲೇ ಇಲ್ಲ. ತಗಡು, ತಂತಿ, ಅಗ್ಗದ ಮರ, ಇಷ್ಟೇ. ಅದಕ್ಕೆ ಚರಿತ್ರೆಯೆಂಬುದು ಪ್ರಾಪ್ತವಾದುದು ಈ ಊರಿನಲ್ಲಿ: ಹಲಸಿನ ತುಂಡನ್ನು ಬೆಸೆದ ಬಡಗಿಯಿಂದ, ಚಪ್ಪಲಿಯ ಅಟ್ಟೆಯನ್ನು ಬಟ್ಟಲು ಮಾಡಿದ ಚಮ್ಮಾರನಿಂದ, ಮುರಿದ ಗುರಿಮೊಳೆಯ ಸ್ಥಾನದಲ್ಲಿ ಹಿತ್ತಾಳೆಯ ಚೂರೊಂದನ್ನು ಬೆಸುಗೆ ಹಾಕಿದ ಕಂಚುಗಾರನಿಂದ. ಅವರಾರ ಹೆಸರೂ ನಮಗೆ ಸಿಗುವಂತಿಲ್ಲ. ಕೆಲಸ ಮಾತ್ರ ಸಿಕ್ಕಿದೆ. ರಾಸ್ಟಾಟಿನ ಮೂಲಸ್ಥಿತಿಯನ್ನು ತರುವೆನೆಂದು ಹೊರಟರೆ ಮೊದಲು ಕಿತ್ತೆಸೆಯಬೇಕಾಗುವುದು ಅವರನ್ನೇ.

ಹಾಗೆಂದು ಕೆಟ್ಟದ್ದನ್ನು ಕೆಟ್ಟಂತೆಯೇ ಬಿಡತಕ್ಕದ್ದೆಂದು ನಾನು ಹೇಳುವುದಿಲ್ಲ. ತುಕ್ಕು ಚರಿತ್ರೆಯಲ್ಲ, ವ್ಯಾಧಿ; ಅದನ್ನು ಸೀಮೆಎಣ್ಣೆಯಲ್ಲಿ ನೆನೆಸಿದ ಬಟ್ಟೆಯಿಂದ ಮೆಲ್ಲಗೆ ಒರಸಿ ನಿಲ್ಲಿಸಬೇಕು, ಮರಳುಕಾಗದದಿಂದ ಕೆರೆಯಬಾರದು. ಬಳಲಿದ ಸ್ಪ್ರಿಂಗನ್ನು ಬದಲಾಯಿಸಬಹುದು. ಸವೆದ ಕೊಕ್ಕೆಯನ್ನಂತೂ ಸರಿಪಡಿಸಲೇಬೇಕು. ನಳಿಗೆ ಮುರಿದಿರುವಾಗ ಕೊಕ್ಕೆ ಜಾರಿದರೆ ನಳಿಗೆಯು ಮೇಲಕ್ಕೆ ಚಿಮ್ಮಿ ಬೆರಳನ್ನೇ ಜಜ್ಜೀತು. ದುರಸ್ತಿ ಮಾಡಿದವರ ಸಾಲಿನಲ್ಲಿ ಇನ್ನೊಬ್ಬನಾಗಿ ನಿಲ್ಲಲು ನಮಗೆ ಅಧಿಕಾರವುಂಟು, ಆ ಸಾಲನ್ನೇ ಅಳಿಸಲು ಇಲ್ಲ.

ಇನ್ನು, ಇಂಥ ಆಯುಧಕ್ಕೆ ಮರಳಿ ಜೀವ ಕೊಡಬೇಕೇ ಎಂಬ ಪ್ರಶ್ನೆ. ಬಹುಕಾಲ ನಮ್ಮ ಕಾನೂನಿಗೆ ಗಾಳಿಕೋವಿಯ ಬಲವನ್ನು ಅಳೆಯುವ ಕ್ರಮವೆಂದರೆ ಮೆದುಮರದ ಹಲಗೆಯನ್ನು ಚರೆಯು ತೂರಿಹೋಗುವುದೋ ಇಲ್ಲವೋ ಎಂದು ನೋಡುವುದಾಗಿದ್ದಿತು. 2016ರ ಶಸ್ತ್ರ ನಿಯಮಗಳು ಇಪ್ಪತ್ತು ಜೂಲು ಶಕ್ತಿಗೂ ನಾಲ್ಕೂವರೆ ಮಿಲಿಮೀಟರಿನ ನಳಿಗೆಗೂ ಮೀರದಿರುವುದಕ್ಕೆ ಲೈಸನ್ಸು ಬೇಡವೆಂದುವು. ಆದರೆ 1972ರ ವನ್ಯಜೀವಿ ಕಾಯಿದೆಯು ಹಕ್ಕಿಗೆ ಗುರಿಯಿಡುವುದನ್ನು ತಡೆಯಿತು. 2021ರ ಮಾರ್ಚಿನಲ್ಲಿ ಅರುಣಾಚಲದ ಪೂರ್ವ ಕಾಮೆಂಗ್ ಜಿಲ್ಲೆಯಲ್ಲಿ ಆರಂಭವಾದ ಅಭಿಯಾನದಲ್ಲಿ ಹಳ್ಳಿಯ ಜನರು ತಾವಾಗಿ ಬಂದು ತಮ್ಮ ಏರ್‌ಗನ್ನುಗಳನ್ನು ಒಪ್ಪಿಸಿದರು. ತಲೆಮಾರುಗಳ ಬೇಟೆಯನ್ನು ಅವರು ಬಿಟ್ಟುಕೊಟ್ಟ ಸುದ್ದಿಯನ್ನು ಓದಿದಾಗ ನನ್ನ ಕೋವಿಯನ್ನೂ ಹಾಗೆಯೇ ಒಪ್ಪಿಸಿಬಿಡೋಣವೆಂದು ಒಂದು ವಾರ ಯೋಚಿಸಿದ್ದುಂಟು. ಆದರೆ 2008ರಲ್ಲಿ ಬೀಜಿಂಗಿನಲ್ಲಿ ಅಭಿನವ ಬಿಂದ್ರಾ ಅವರು ಹತ್ತು ಮೀಟರಿನ ಗಾಳಿರೈಫಲಿನಿಂದ ಚಿನ್ನವನ್ನು ಗೆದ್ದಾಗ ಗುರಿಯಾಗಿದ್ದುದು ಒಂದು ಚುಕ್ಕೆಗಿಂತ ಹೆಚ್ಚಿನದೇನಲ್ಲವಷ್ಟೆ. ಚುಕ್ಕೆಗೆ ನೋವಿಲ್ಲ ಎಂಬ ಸಮಾಧಾನದಿಂದ ನಾನು ಅದನ್ನು ಇರಿಸಿಕೊಂಡೆನು.

ಮುದುಕರು ಹೊಸ ವಾಶರಿಗಾಗಿ ನನ್ನನ್ನು ಚಮ್ಮಾರನಲ್ಲಿಗೆ ಕಳುಹಿಸಿದರು. ಅವನು ಹೊಲಿಗೆಯಿಲ್ಲದ ಹೊಸ ಚರ್ಮದ ತುಂಡೊಂದನ್ನು ಆರಿಸಿ, ಕೊಂತದ ಅಳತೆಗೆ ಕತ್ತರಿಸಿ, ಇದೆಂಥದ್ದಕ್ಕೆಂದು ಕೇಳಿದನು, ಹೇಳಿದೆ. ಕೋವಿಯನ್ನು ಜೋಡಿಸಿದ ಮೇಲೆ, “ನಳಿಗೆಗೆ ಕಪ್ಪು ಬಣ್ಣ ಹೊಡೆಯಲಾ ಮಾಷ್ಟ್ರೇ? ಹೊಸದರ ಹಾಗೆ ಕಾಣ್ತದೆ” ಎಂದು ಮುದುಕರು ಕೇಳಿದರು. ಬೇಡವೆಂದೆ. ಹಳೆಯ ವಾಶರನ್ನು ಅವರು ಚಿಂದಿಯ ಡಬ್ಬಿಗೆ ಹಾಕಲು ಕೈಯೆತ್ತಿದ್ದರು. ಅದನ್ನು ಕೇಳಿ ತೆಗೆದುಕೊಂಡು, ಕಾಗದದಲ್ಲಿ ಸುತ್ತಿ, ಅಂಗಿಯ ಜೇಬಿನಲ್ಲಿರಿಸಿಕೊಂಡು ಹಂಪನಕಟ್ಟೆಯವರೆಗೆ ನಡೆದು ಬಂದೆನು.