ಸೋಲಿನ ಖಾತೆ ಮುಚ್ಚಿದ ಕಥೆ

ಕೃಷಿವಿಜ್ಞಾನದ ಹೆಚ್ಚಿನ ಓದಿಗಾಗಿ ಅಮೆರಿಕದ ಕಾನ್ಸಾಸ್ ರಾಜ್ಯಕ್ಕೆ ಹೋದ ನನ್ನ ಅಕ್ಕನ ಮಗ ರಜೆಯಲ್ಲಿ ಊರಿಗೆ ಬಂದಾಗ ನನಗೊಂದು ನೇರಳೆ ಬಣ್ಣದ ಟೊಪ್ಪಿ ತಂದುಕೊಟ್ಟ. ಅದರ ಮೇಲೆ ಕಾಡುಬೆಕ್ಕಿನ ತಲೆಯ ಚಿತ್ರ. "ಮಾವ, ಇದು ನಮ್ಮ ಕಾಲೇಜಿನ ಫುಟ್‌ಬಾಲ್ ತಂಡದ ಗುರುತು. ಇದಕ್ಕೊಂದು ದೊಡ್ಡ ಚರಿತ್ರೆ ಉಂಟು" ಎಂದ. ಬ್ಯಾಂಕಿನ ಕೌಂಟರಿನಲ್ಲಿ ಕುಳಿತು ಪರರ ಲೆಕ್ಕ ಬರೆಯುವ ನನಗೆ ಚರಿತ್ರೆಯೆಂದರೆ ಮೊದಲಿನಿಂದಲೂ ಆಸೆ. ಅವನಿಂದ ಕೇಳಿದ್ದನ್ನೂ ಆಮೇಲೆ ಹುಡುಕಿ ಓದಿದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು. ಕೊಯ್ಲು ಮುಗಿದ ಗದ್ದೆಯಲ್ಲಿ ನಮ್ಮ ಹುಡುಗರು ಆಡುವ ಕಾಲ್ಚೆಂಡಿನಾಟ ಇದಲ್ಲ. ಎರಡು ತುದಿ ಚೂಪಾದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ, ಎದುರಾಳಿಯನ್ನು ಕೆಡವುವ ಆಟ. ಅಲ್ಲಿ ಕಾಲೇಜು ತಂಡವೆಂದರೆ ಊರಿನ ಮಾನ. ಶನಿವಾರದ ಪಂದ್ಯಕ್ಕೆ ನೂರಾರು ಮೈಲಿ ದೂರದಿಂದ ಕುಟುಂಬ ಸಮೇತ ಬರುತ್ತಾರೆ.

ಕಾನ್ಸಾಸ್ ಸ್ಟೇಟ್ ವಿಶ್ವವಿದ್ಯಾಲಯ 1863ರಲ್ಲಿ ಹುಟ್ಟಿದ್ದು. ಊರಿನ ಹೆಸರು ಮ್ಯಾನ್‌ಹಟನ್. ನ್ಯೂಯಾರ್ಕಿನ ಮ್ಯಾನ್‌ಹಟನ್ ಅಲ್ಲ, ಗೋಧಿ ಹೊಲ, ಹುಲ್ಲುಗಾವಲುಗಳ ನಡುವಿನ ಸಣ್ಣ ಪಟ್ಟಣ. ಇಲ್ಲಿಯ ತಂಡ ಅಮೆರಿಕದ ಮೇಲ್ದರ್ಜೆಯ ಕಾಲೇಜು ತಂಡಗಳಲ್ಲಿ ಮೊತ್ತಮೊದಲು 500 ಪಂದ್ಯಗಳನ್ನು ಸೋತ ತಂಡ. 1987ರಲ್ಲಿ 11 ಪಂದ್ಯಗಳಲ್ಲಿ 10 ಸೋಲು, ಒಂದು ಸಮ. 1988ರಲ್ಲಿ ಆಡಿದ 11ರಲ್ಲಿ 11ನ್ನೂ ಸೋತಿತು. ಋತುಕೊನೆಯಲ್ಲಿ ಒಳ್ಳೆಯ ತಂಡಗಳಿಗೆ ಸಿಗುವ ಗೌರವದ ಪಂದ್ಯವನ್ನು 'ಬೌಲ್' ಎನ್ನುತ್ತಾರೆ. ಅಂಥದ್ದನ್ನು ಅದು ಅಲ್ಲಿಯವರೆಗೆ ಆಡಿದ್ದು ಒಂದೇ ಸಲ, 1982ರಲ್ಲಿ. ಅದರಲ್ಲೂ ಸೋಲೇ. 1989ರಲ್ಲಿ ಒಂದು ಪ್ರಸಿದ್ಧ ಕ್ರೀಡಾಪತ್ರಿಕೆ ಇದನ್ನು ದೇಶದ ಅತ್ಯಂತ ನಿಷ್ಪ್ರಯೋಜಕ ತಂಡವೆಂದು ದೀರ್ಘ ಲೇಖನವನ್ನೇ ಪ್ರಕಟಿಸಿತು.

ಸೋಲಿಗೆ ಕಾರಣ ಹುಡುಗರು ಮಾತ್ರವಲ್ಲ. ತಂಡಕ್ಕೆ ಹಣವಿಲ್ಲ, ಹಣವಿಲ್ಲದ್ದರಿಂದ ಒಳ್ಳೆಯ ಆಟಗಾರರಿಲ್ಲ, ಆಟಗಾರರಿಲ್ಲದೆ ಗೆಲುವಿಲ್ಲ, ಗೆಲುವಿಲ್ಲದೆ ಪ್ರೇಕ್ಷಕರಿಲ್ಲ, ಪ್ರೇಕ್ಷಕರಿಲ್ಲದೆ ಮತ್ತೆ ಹಣವಿಲ್ಲ. ಗಾಣದ ಎತ್ತಿನ ಸುತ್ತು. ಇದಕ್ಕಿಂತ ದೊಡ್ಡ ಕೇಡೆಂದರೆ, ಸೋಲು ಎಲ್ಲರಿಗೂ ಅಭ್ಯಾಸವಾಗಿಬಿಟ್ಟಿತ್ತು. ದೊಡ್ಡ ತಂಡಗಳ ಕೂಟವನ್ನು ಬಿಟ್ಟು ಕೆಳದರ್ಜೆಗೆ ಇಳಿಯುವುದೇ ಲೇಸೆಂಬ ಮಾತೂ ಎದ್ದಿತ್ತು.

1986ರಲ್ಲಿ ಅಧ್ಯಕ್ಷರಾಗಿ ಬಂದ ಜಾನ್ ವೆಫಾಲ್ಡ್ ಈ ಮಾತಿಗೆ ಒಪ್ಪಲಿಲ್ಲ. 1988ರ ನವೆಂಬರಿನಲ್ಲಿ ಬಿಲ್ ಸ್ನೈಡರ್ ಎಂಬವರನ್ನು ತರಬೇತುದಾರರಾಗಿ ಕರೆತಂದರು. ಅಯೋವಾ ವಿಶ್ವವಿದ್ಯಾಲಯದಲ್ಲಿ ಸಹಾಯಕರಾಗಿದ್ದ ಸ್ನೈಡರರಿಗೆ ಆಗ 49 ವರ್ಷ. ಹೆಚ್ಚು ಮಾತಿಲ್ಲದ ಮನುಷ್ಯ. ರಾತ್ರಿ ಬಹಳ ಹೊತ್ತಿನವರೆಗೆ ದುಡಿದು, ದಿನಕ್ಕೆ ಒಂದೇ ಹೊತ್ತು ಉಣ್ಣುವವರೆಂದು ಹೆಸರಾದವರು. ಅವರು ಹುಡುಗರಿಗೆ ಚಾಂಪಿಯನ್ ಆಗುವ ಆಸೆ ಹುಟ್ಟಿಸಲಿಲ್ಲ. ನಿನ್ನೆಗಿಂತ ಇಂದು ತುಸು ಮೇಲಾದರೆ ಸಾಕೆಂದರು. ಅದನ್ನೇ 16 ಗುರಿಗಳಾಗಿ ಬರೆದಿಟ್ಟರು. ದಿನದ ಲೆಕ್ಕ ದಿನವೇ ತಾಳೆಯಾಗಬೇಕು ಎಂಬ ನಮ್ಮ ಬ್ಯಾಂಕಿನ ನಿಯಮ ನೆನಪಾಯಿತು. ಹತ್ತು ರೂಪಾಯಿ ವ್ಯತ್ಯಾಸವನ್ನು ನಾಳೆಗೆ ಬಿಟ್ಟರೆ ಅದು ವರ್ಷಾಂತ್ಯಕ್ಕೆ ಯಾರ ಕೈಗೂ ಸಿಗುವುದಿಲ್ಲ.

ಹಳೆಯ ಗುರುತನ್ನೂ ಅವರು ತೆಗೆಸಿದರು. ಅದೇ ವಿಶ್ವವಿದ್ಯಾಲಯದ ಕಲಾ ಅಧ್ಯಾಪಕರೊಬ್ಬರು ಬರೆದುಕೊಟ್ಟ ಕಾಡುಬೆಕ್ಕಿನ ತಲೆ 1989ರಲ್ಲಿ ಶಿರಸ್ತ್ರಾಣದ ಮೇಲೆ ಬಂತು. ನನ್ನ ಟೊಪ್ಪಿಯ ಮೇಲಿರುವುದೂ ಅದೇ.

ಆದರೆ ಗುರುತು ಬದಲಾದ ಮಾತ್ರಕ್ಕೆ ಗೆಲುವು ಬರಲಿಲ್ಲ. ಆ ವರ್ಷದ ಮೊದಲ ಮೂರು ಪಂದ್ಯಗಳೂ ಹೋದವು. ಅಲ್ಲಿಗೆ 1986ರ ಅಕ್ಟೋಬರಿನಿಂದ 30 ಪಂದ್ಯಗಳಲ್ಲಿ ಒಂದೂ ಗೆಲುವಿಲ್ಲ. 1989ರ ಸೆಪ್ಟೆಂಬರ್ 30ರಂದು ನಾರ್ತ್ ಟೆಕ್ಸಾಸ್ ತಂಡದ ಎದುರು, ಕಟ್ಟಕಡೆಯ ಎಸೆತದಲ್ಲಿ, ಕಾರ್ಲ್ ಸ್ಟ್ರಾ ಎಸೆದ ಚೆಂಡನ್ನು ಫ್ರಾಂಕ್ ಹೆರ್ನಾಂಡೆಜ್ ಹಿಡಿದ. 20-17. ಆ ವರ್ಷದ ಗೆಲುವು ಅದೊಂದೇ. ಉಳಿದ 10 ಪಂದ್ಯಗಳೂ ಸೋಲು. ಆದರೂ ಎಲ್ಲರೂ ನೆನೆಯುವುದು ಆ ಒಂದನ್ನೇ.

ಮುಂದಿನದು ಏರಿಳಿತದ ದಾರಿ. 1990ರಲ್ಲಿ 5 ಗೆಲುವು, 1991ರಲ್ಲಿ 7, 1992ರಲ್ಲಿ ಮತ್ತೆ 5. ಇಲ್ಲಿ ಯಾರೂ ತಾಳ್ಮೆ ಕಳೆದುಕೊಳ್ಳಲಿಲ್ಲವೆಂಬುದು ಮುಖ್ಯ. 1993ರಲ್ಲಿ 9 ಗೆಲುವು, ಕಾಪರ್ ಬೌಲಿನಲ್ಲಿ ವಯೋಮಿಂಗ್ ವಿರುದ್ಧ 52-17. ಅದು ಆ ತಂಡದ ಮೊದಲ ಬೌಲ್ ಜಯ. ಅಲ್ಲಿಂದ 2003ರವರೆಗೆ ಸತತ 11 ವರ್ಷ ಬೌಲ್ ಪಂದ್ಯ ತಪ್ಪಲಿಲ್ಲ. 1998ರಲ್ಲಿ, 30 ವರ್ಷಗಳಿಂದ ಸೋಲಿಸಲಾಗದಿದ್ದ ನೆಬ್ರಾಸ್ಕವನ್ನು 40-30ರಿಂದ ಮಣಿಸಿತು. ದೇಶದ ಮೊದಲ ಸ್ಥಾನಕ್ಕೂ ಏರಿತು. ಆದರೆ ಡಿಸೆಂಬರಿನ ಕೂಟದ ಅಂತಿಮ ಪಂದ್ಯದಲ್ಲಿ ಮುಂದಿದ್ದೂ ಟೆಕ್ಸಾಸ್ ಎ ಆಂಡ್ ಎಂ ತಂಡಕ್ಕೆ 36-33ರಿಂದ ಸೋತಿತು. 2003ರಲ್ಲಿ ಒಕ್ಲಹೋಮವನ್ನು 35-7ರಿಂದ ಸೋಲಿಸಿ ಕೂಟದ ಪ್ರಶಸ್ತಿ ಗೆದ್ದಾಗ, 1934ರ ಬಳಿಕ ಅದೇ ಮೊದಲು.

ಸ್ನೈಡರರ ದಾರಿಯಲ್ಲಿ ಎಲ್ಲವೂ ಮೆಚ್ಚುವಂಥದ್ದೆಂದು ನಾನು ಹೇಳಲಾರೆ. ಋತುವಿನ ಆರಂಭಕ್ಕೆ ದುರ್ಬಲ ತಂಡಗಳನ್ನೇ ಆರಿಸಿ ಪಂದ್ಯ ಗೊತ್ತುಮಾಡುತ್ತಾರೆಂಬ ಟೀಕೆ ಇತ್ತು, ಅದರಲ್ಲಿ ಹುರುಳೂ ಇತ್ತು. ಆದರೆ ಗೆಲುವಿನ ರುಚಿಯೇ ತಿಳಿಯದ ಹುಡುಗರಿಗೆ ಮೊದಲು ಆ ರುಚಿ ತೋರಿಸಬೇಡವೇ? ದೊಡ್ಡ ಕಾಲೇಜುಗಳು ಗಮನಿಸದ ಹುಡುಗರನ್ನು ಎರಡು ವರ್ಷದ ಸಣ್ಣ ಕಾಲೇಜುಗಳಿಂದ ಹುಡುಕಿ ತಂದದ್ದೂ ಅವರ ಜಾಣ್ಮೆ. 1998ರ ತಂಡವನ್ನು ಮುನ್ನಡೆಸಿದ ಮೈಕಲ್ ಬಿಷಪ್ ಹಾಗೆ ಬಂದವನೇ. ನೋವುಂಡ ಎದುರಾಳಿ ಆಟಗಾರರಿಗೂ ಸ್ನೈಡರ್ ನೇರಳೆ ಶಾಯಿಯಲ್ಲಿ ಕೈಬರಹದ ಪತ್ರ ಬರೆಯುತ್ತಿದ್ದರಂತೆ.

2005ರಲ್ಲಿ ಅವರು ನಿವೃತ್ತರಾದ ಮೇಲೆ ಮೂರು ವರ್ಷ ತಂಡ ಮುಗ್ಗರಿಸಿತು. 2009ರಲ್ಲಿ, 69ರ ವಯಸ್ಸಿನಲ್ಲಿ, ಅವರು ಮರಳಿ ಬಂದು 2018ರವರೆಗೆ ದುಡಿದರು. ಒಟ್ಟು 215 ಗೆಲುವು. ಒಬ್ಬನ ಹೆಗಲ ಮೇಲೆ ನಿಂತ ಮನೆ ಎಷ್ಟು ಕಾಲ ನಿಂತೀತು ಎಂಬ ಸಂದೇಹ ನನಗೂ ಇತ್ತು. 2022ರಲ್ಲಿ ಬೇರೊಬ್ಬ ತರಬೇತುದಾರರ ಕೈಕೆಳಗೆ ತಂಡ ಮತ್ತೆ ಕೂಟದ ಪ್ರಶಸ್ತಿ ಗೆದ್ದುದನ್ನು ಓದಿದಾಗ ಸಮಾಧಾನವಾಯಿತು.

ಇದನ್ನೆಲ್ಲ ಗಡಿಯೂರಿನ ಈ ಸಂಚಿಕೆಗೆ ಯಾಕೆ ಬರೆದೆ ಎಂದು ಕೇಳಬಹುದು. ನಾನು ಕಲಿತ ಶಾಲೆಯ ಕನ್ನಡ ಡಿವಿಜನಿನಲ್ಲಿ ಮಕ್ಕಳ ಸಂಖ್ಯೆ ವರ್ಷವರ್ಷವೂ ಕಡಿಮೆಯಾಗುತ್ತಿದೆ. ಜೂನ್ ಬಂದಾಗಲೆಲ್ಲ ತಲೆಯೆಣಿಕೆಯ ಆತಂಕ. "ಇನ್ನೇನು ಮಾಡಲಿಕ್ಕಾಗುತ್ತದೆ" ಎಂದು ನಿಟ್ಟುಸಿರು ಬಿಡುವವರಲ್ಲಿ ನಾನೂ ಒಬ್ಬ. ಆಟಕ್ಕೂ ಭಾಷೆಗೂ ಹೋಲಿಕೆ ಪೂರ್ತಿ ಸರಿಹೋಗದೆಂದು ಬಲ್ಲೆ. ಆದರೂ 30 ಪಂದ್ಯ ಗೆಲ್ಲದ ಆ ಹುಡುಗರು ನಾಲ್ಕನೆಯ ವಾರವೂ ಮೈದಾನಕ್ಕೆ ಇಳಿದರು ಎಂಬುದನ್ನು ಮರೆಯಲಾಗುವುದಿಲ್ಲ. ಈ ಸಲ ಜೂನಿಗೆ ಮೊದಲೇ ನಮ್ಮ ಬೈಲಿನ ನಾಲ್ಕು ಮನೆಗಳಿಗೆ ಹೋಗಿ ಕೇಳಿಬರುವುದೆಂದು ನಿಶ್ಚಯಿಸಿದ್ದೇನೆ. ಒಂದು ಮಗು ಬಂದರೂ ನನ್ನ ಲೆಕ್ಕಕ್ಕೆ ಅದು 20-17.