ನಿಂತ ಬಂಡಿಯ ನಿಲುಗಡೆ

ಬಂಡಿ ಓಡಿಸಿದವರ ಚರಿತ್ರೆಯನ್ನು ಹೇಳಿದವರು ಬೇಕಾದಷ್ಟು ಮಂದಿ. ನಿಲ್ಲಿಸಿದವರ ಚರಿತ್ರೆಯನ್ನು ಹೇಳಿದವರು ಕಡಿಮೆ. ಓಡುವ ಮೋಟಾರಿನಲ್ಲಿ ಕುಳಿತವನ ಪ್ರಾಣವಿರುವುದು ಮಾತ್ರ ಬ್ರೇಕಿನಲ್ಲಿ.

ಮೊದಮೊದಲ ಮೋಟಾರುಗಳಿಗೆ ಕುದುರೆಗಾಡಿಯ ಮರದ ಅಡ್ಡೆಯೇ ಗತಿಯಾಗಿತ್ತು. ರಬ್ಬರಿನ ಟೈರು ಬಂದ ಮೇಲೆ ಅದು ಸಲ್ಲದಾಯಿತು. 1902ರಲ್ಲಿ ಫ್ರಾನ್ಸಿನ ಲೂಯಿ ರೆನೋ ಡ್ರಮ್ ಬ್ರೇಕನ್ನು ರೂಪಿಸಿದ. ಆದರೆ ಕಾಲಿನ ಬಲವನ್ನು ಚಕ್ರಕ್ಕೆ ಒಯ್ಯುತ್ತಿದ್ದವು ಕಂಬಿ, ತಂತಿಗಳು. ಒಂದು ಬಿಗಿ, ಇನ್ನೊಂದು ಸಡಿಲವಾದರೆ ಗಾಡಿ ಪಕ್ಕಕ್ಕೆ ಎಳೆಯುತ್ತಿತ್ತು. ಮುಚ್ಚಿದ ದ್ರವದ ಮೇಲೆ ಹಾಕಿದ ಒತ್ತಡ ಎಲ್ಲೆಡೆಗೂ ಸಮನಾಗಿ ಹರಿಯುವುದೆಂದು ಪಾಸ್ಕಲ್ ಹದಿನೇಳನೆಯ ಶತಮಾನದಲ್ಲೇ ತಿಳಿಸಿದ್ದ. ಆ ತತ್ತ್ವವನ್ನು ಬ್ರೇಕಿಗೆ ಹೂಡಿ 1917ರಲ್ಲಿ ಪೇಟೆಂಟ್ ಪಡೆದವನು ಅಮೆರಿಕದ ಮಾಲ್ಕಮ್ ಲಾಕ್‌ಹೀಡ್. 1921ರ ಫ್ರೆಂಚ್ ಗ್ರಾಂ ಪ್ರಿ ಪಂದ್ಯವನ್ನು ಗೆದ್ದ ಡ್ಯೂಸನ್‌ಬರ್ಗ್ ಕಾರಿನ ನಾಲ್ಕು ಚಕ್ರಗಳಿಗೂ ದ್ರವದ ಬ್ರೇಕಿತ್ತು. ಹೆನ್ರಿ ಫೋರ್ಡ್ ಮಾತ್ರ ಉಕ್ಕಿನ ಕಂಬಿಯನ್ನೇ ನಂಬಿ, 1939ರ ಮಾದರಿಯವರೆಗೂ ಹಟ ಬಿಡಲಿಲ್ಲ.

ಈ ಚರಿತ್ರೆಯನ್ನು ನಾನು ಕೈಯಾರೆ ಮುಟ್ಟಿದ್ದು ಮಿತ್ರರೊಬ್ಬರ ಮಾರಿಸ್ ಮೈನರ್ ಕಾರಿನಲ್ಲಿ. 1948ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಈ ಗಾಡಿ ನಮ್ಮ ದೇಶದಲ್ಲಿ ‘ಬೇಬಿ ಹಿಂದುಸ್ಥಾನ್’ ಎಂಬ ಹೆಸರಿನಲ್ಲೂ ಓಡಾಡಿತ್ತು. ಮಿತ್ರರ ಕಾರು ಹಲವು ವರ್ಷಗಳಿಂದ ಶೆಡ್ಡಿನಲ್ಲಿ ನಿಂತಿತ್ತು. ಇಂಜಿನ್ ಬೇಗ ಎಚ್ಚತ್ತಿತು. ಅದನ್ನು ಕೇಳಿ ಮಿತ್ರರು ರಸ್ತೆಗಿಳಿಸಲು ಆತುರಪಟ್ಟರು. ಮುದುಕ ಮೆಕ್ಯಾನಿಕ್ ಬಾಗಿಲಿಗೆ ಅಡ್ಡ ನಿಂತ: “ಇಂಜಿನ್ ಕೈಕೊಟ್ಟರೆ ನಡೆದು ಮನೆ ಸೇರಬಹುದು ಸ್ವಾಮಿ. ಬ್ರೇಕ್ ಕೈಕೊಟ್ಟರೆ ನಾಲ್ಕು ಜನ ಹೊರಬೇಕಾಗುತ್ತದೆ.”

ಅವನ ಮಾತು ಸುಳ್ಳಾಗಿರಲಿಲ್ಲ. ಬ್ರೇಕಿನ ಎಣ್ಣೆ ಗಾಳಿಯ ತೇವವನ್ನು ಹೀರುತ್ತದೆ. ಗಾಡಿ ನಿಂತಷ್ಟು ಕಾಲವೂ ಆ ನೀರು ಒಳಗೊಳಗೇ ತುಕ್ಕು ಬೆಳೆಸುತ್ತದೆ. ಮುಂದಿನ ಚಕ್ರಗಳಿಗೆ ಎರಡೆರಡು, ಹಿಂದಿನವಕ್ಕೆ ಒಂದೊಂದು, ಹೀಗೆ ಆರು ಸಿಲಿಂಡರುಗಳೂ ಕಚ್ಚಿಕೊಂಡಿದ್ದವು. ಮಾಸ್ಟರ್ ಸಿಲಿಂಡರು ಚಾಲಕನ ಕಾಲಡಿಯ ಚಾಸಿಯೊಳಗೆ ಅಡಗಿತ್ತು. ಹೊರಗೆ ನೆಟ್ಟಗಿದ್ದ ರಬ್ಬರಿನ ಕೊಳವೆ ಒಳಗೆ ಊದಿಕೊಂಡಿತ್ತು. ಅವನು ರಬ್ಬರಿನ ವಾಷರುಗಳನ್ನೂ ಕೊಳವೆಗಳನ್ನೂ ಹೊಸದಾಗಿ ಹಾಕಿದ. ತೊಳೆಯಲು ಸೀಮೆಎಣ್ಣೆಯನ್ನು ಹತ್ತಿರ ಸೇರಿಸಲಿಲ್ಲ, ಅದು ರಬ್ಬರನ್ನು ಕೆಡಿಸುತ್ತದೆ. ಕೊನೆಗೆ ಒಬ್ಬರು ಪೆಡಲು ತುಳಿಯುತ್ತ, ಇನ್ನೊಬ್ಬರು ಚಕ್ರದ ತಿರುಪು ಸಡಿಲಿಸುತ್ತ ಗಾಳಿಯ ಗುಳ್ಳೆಗಳನ್ನು ಹೊರಡಿಸಿದೆವು. ದ್ರವ ಕುಗ್ಗದು, ಗಾಳಿ ಕುಗ್ಗುತ್ತದೆ. ಗುಳ್ಳೆ ಉಳಿದರೆ ತುಳಿದ ಬಲವೆಲ್ಲ ಅದನ್ನು ಹಿಂಡುವುದರಲ್ಲೇ ಕಳೆದುಹೋಗುತ್ತದೆ.

ಡ್ರಮ್ಮಿನೊಳಗಿನ ಬೂದುಬಣ್ಣದ ಧೂಳನ್ನು ಅವನು ಬಾಯಿಂದ ಊದಲಿಲ್ಲ. ಮೂಗಿಗೆ ಬಟ್ಟೆ ಕಟ್ಟಿ, ಒದ್ದೆ ಅರಿವೆಯಿಂದ ಒರೆಸಿದ. ಹಳೆಯ ಬ್ರೇಕುಗಳ ಲೈನಿಂಗಿನಲ್ಲಿ ಕಲ್ನಾರು ಇರುತ್ತಿತ್ತು. ಕಾವನ್ನು ತಾಳುವ ಗುಣಕ್ಕೆ ಅದನ್ನು ಮೆಚ್ಚಿದ ಲೋಕ, ಅದರ ಧೂಳು ಶ್ವಾಸಕೋಶವನ್ನು ತಿನ್ನುವುದನ್ನು ನಿಧಾನವಾಗಿ ಒಪ್ಪಿಕೊಂಡಿತು. ಕಲ್ನಾರಿನ ಗಿರಣಿಯಲ್ಲಿ ದುಡಿದ ನೆಲ್ಲಿ ಕರ್ಷಾ ಎಂಬಾಕೆ ತೀರಿಕೊಂಡದ್ದು 1924ರಲ್ಲಿ. ಬ್ರಿಟನ್ ಅದನ್ನು ಪೂರ್ತಿಯಾಗಿ ನಿಷೇಧಿಸಿದ್ದು 1999ರಲ್ಲಿ. ಪಯಣಿಗರ ಪ್ರಾಣ ಉಳಿಸಿದ ವಸ್ತುವೇ ಅದನ್ನು ನೇಯ್ದವರ ಉಸಿರು ಕಟ್ಟಿಸಿತು. ಈ ಲೆಕ್ಕವನ್ನು ಬಿಟ್ಟು ಬ್ರೇಕಿನ ಚರಿತ್ರೆ ಬರೆದರೆ ಅದು ಅರ್ಧ ಚರಿತ್ರೆಯೇ ಸರಿ.